ಜಾತ್ರೆಗೆ ಯಾವ ಕ್ಯಾಮೆರಾ?

ಅಜ್ಜಂಪುರ ಸೀಮೆಯ ಅಂತರಘಟ್ಟೆ ದೊಡ್ಡ ಊರೇನಲ್ಲ. ಆದರೆ ದುರ್ಗಾಂಬಾ ದೇವಿಯ ಜಾತ್ರೆ ಬಂತೆಂದರೆ ಸುತ್ತಲ ಹಳ್ಳಿಗಳವರು ಗಾಡಿ ಕಟ್ಟುತ್ತಾರೆ. ಸಿಂಗರಿಸಿದ ಎತ್ತುಗಳು, ಗಾಡಿಯ ತುಂಬ ಜನ, ಹಿಂದೆ ಏಳುವ ಧೂಳು. ಬಯಲುಸೀಮೆಯ ಇಂಥ ಜಾತ್ರೆಯನ್ನು ಚಿತ್ರದಲ್ಲಿ ಹಿಡಿಯಬೇಕೆಂದು ಹೊರಟವರಿಗೆ ಈಗ ಎದುರಾಗುವ ಮೊದಲ ಪ್ರಶ್ನೆ ಇದು: ಹೆಗಲಿಗೆ ಚೀಲ ಏರಿಸಿ, ಲೆನ್ಸ್ ಬದಲಾಯಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾ ಒಯ್ಯಬೇಕೆ? ಇಲ್ಲ, ಅಂಗಿಯ ಜೇಬಿನಲ್ಲಿ ಕೂರುವ ಪುಟ್ಟ ಕ್ಯಾಮೆರಾ ಸಾಕೆ?

ಮೇಲ್ನೋಟಕ್ಕೆ ಇದು ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ಬಗೆಹರಿಸಿಕೊಳ್ಳುವ ಲೆಕ್ಕಾಚಾರ. ದುಡ್ಡು ಇದ್ದವರು ದೊಡ್ಡದು ಕೊಳ್ಳುತ್ತಾರೆ, ಇಲ್ಲದವರು ಚಿಕ್ಕದು ಕೊಳ್ಳುತ್ತಾರೆ ಎಂದು ಹೇಳಿ ಮುಗಿಸಬಹುದು. ಆದರೆ ದೊಡ್ಡ ಕ್ಯಾಮೆರಾ ಮತ್ತು ಚಿಕ್ಕ ಕ್ಯಾಮೆರಾಗಳ ನಡುವಿನ ಈ ಜಗ್ಗಾಟಕ್ಕೆ ಕನ್ನಡ ನಾಡಿನಲ್ಲೇ ನೂರ ಎಪ್ಪತ್ತು ವರ್ಷಗಳ ಇತಿಹಾಸವಿದೆ. ಚಿತ್ರ ಎಷ್ಟು ಚೆನ್ನಾಗಿ ಬಂತು ಎಂಬುದಷ್ಟೇ ಆ ಇತಿಹಾಸದ ವಿಷಯವಲ್ಲ. ಚಿತ್ರದೊಳಗೆ ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನೂ ಬಹುಮಟ್ಟಿಗೆ ಕ್ಯಾಮೆರಾದ ಗಾತ್ರವೇ ತೀರ್ಮಾನಿಸಿದೆ.

ಗುಡಿ ಉಳಿಯಿತು, ಜನ ಉಳಿಯಲಿಲ್ಲ

1854ರ ಡಿಸೆಂಬರಿನಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ ಎಂಬಾತ ಬೇಲೂರು, ಹಳೇಬೀಡುಗಳಿಗೆ ಬಂದ. ಜೊತೆಗಿದ್ದವನು ಡಾ. ಆಂಡ್ರ್ಯೂ ನೀಲ್ ಎಂಬ ವೈದ್ಯ. ಹೊಯ್ಸಳ ಶಿಲ್ಪದ ಮುಂದೆ ಇಬ್ಬರೂ ಕ್ಯಾಮೆರಾ ಹೂಡಿದರು. ಮರುವರ್ಷ ಮದ್ರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಟ್ರೈಪ್ ಈ ಎರಡು ಊರುಗಳ 68 ಚಿತ್ರಗಳನ್ನು ಇಟ್ಟ. 1856ರಲ್ಲಿ ಅದೇ ಸೈನ್ಯದ ಇನ್ನೊಬ್ಬ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಗೆ ಹೋಗಿ, ಪಾಳುಬಿದ್ದ ವಿಜಯನಗರವನ್ನು ಚಿತ್ರಿಸಿದ. ನೀಲ್ ಜೊತೆಗೆ ಡಾ. ಪಿಗೌ, ಕರ್ನಲ್ ಬಿಗ್ಸ್ ಎಂಬುವರು ತೆಗೆದ ಚಿತ್ರಗಳು ಸೇರಿ 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಬಗ್ಗೆ ಲಂಡನ್ನಿನಲ್ಲಿ ಭಾರಿ ಗ್ರಂಥವೊಂದು ಪ್ರಕಟವಾಯಿತು.

ಇವರು ಹೊತ್ತು ತಂದ ಕ್ಯಾಮೆರಾಗಳು ಮರದ ಪೆಟ್ಟಿಗೆಗಳು. ಗ್ರೀನ್‌ಲಾ ಬಳಸಿದ ಕಾಗದದ ನೆಗೆಟಿವ್ ಒಂದೊಂದೂ ಸುಮಾರು 16 ಇಂಚು ಅಗಲ, 18 ಇಂಚು ಉದ್ದ. ಅಷ್ಟು ದೊಡ್ಡದೇಕೆ ಎಂದು ಕೇಳಬಹುದು. ಆಗ ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ವಿದ್ಯೆ ಬಳಕೆಗೆ ಬಂದಿರಲಿಲ್ಲ. ನೆಗೆಟಿವನ್ನು ಮುದ್ರಣದ ಕಾಗದದ ಮೇಲೆ ಒತ್ತಿ ಬಿಸಿಲಿಗೆ ಹಿಡಿಯಬೇಕಿತ್ತು. ದೊಡ್ಡ ಚಿತ್ರ ಬೇಕೆಂದರೆ ಅಷ್ಟೇ ದೊಡ್ಡ ನೆಗೆಟಿವ್, ಆ ನೆಗೆಟಿವ್ ಹಿಡಿಸುವಷ್ಟು ದೊಡ್ಡ ಕ್ಯಾಮೆರಾ. ಬೇರೆ ದಾರಿ ಇರಲಿಲ್ಲ.

ಮೇಣ ಹಚ್ಚಿದ ಆ ಕಾಗದಕ್ಕೆ ಬೆಳಕು ಹತ್ತಲು ನಿಮಿಷಗಟ್ಟಲೆ ಹೊತ್ತು ಬೇಕು. ಅಷ್ಟು ಹೊತ್ತೂ ಅಲುಗಾಡದೆ ನಿಂತದ್ದು ಮಾತ್ರ ಚಿತ್ರದಲ್ಲಿ ಮೂಡುತ್ತದೆ. ಮುಂದೆ ನಡೆದುಹೋದ ಮನುಷ್ಯ, ಓಡಿದ ಗಾಡಿ, ಬಾಲ ಬೀಸಿದ ಎತ್ತು ಇವೆಲ್ಲ ಗುರುತೂ ಇಲ್ಲದೆ ಮಾಯ. ಈ ವಿಚಿತ್ರ ಕ್ಯಾಮೆರಾ ಹುಟ್ಟಿದ ಮೊದಲಿಗೇ ತಿಳಿದುಬಂದಿತ್ತು. 1838ರಲ್ಲಿ ಪ್ಯಾರಿಸ್ಸಿನ ಒಂದು ಬೀದಿಯನ್ನು ದಾಗೇರ್ ಚಿತ್ರಿಸಿದಾಗ, ಗಿಜಿಗುಡುತ್ತಿದ್ದ ಬೀದಿ ಖಾಲಿಯಾಗಿ ಮೂಡಿತು. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ಕಾಲು ಚಾಚಿ ನಿಂತಿದ್ದ ಒಬ್ಬ ವ್ಯಕ್ತಿ ಮಾತ್ರ ಸ್ಪಷ್ಟವಾಗಿ ಉಳಿದ.

ನಮ್ಮ ಗುಡಿಗಳ ಹಳೆಯ ಚಿತ್ರಗಳಲ್ಲಿ ಪ್ರಾಂಗಣ ಸ್ತಬ್ಧವಾಗಿ, ಜನರಿಲ್ಲದೆ ಕಾಣುವುದಕ್ಕೆ ಇದೂ ಒಂದು ಕಾರಣ. ಅಲ್ಲೊಬ್ಬ ಇಲ್ಲೊಬ್ಬ ಕಂಡರೆ, ಗೋಡೆ ಎಷ್ಟು ಎತ್ತರ ಎಂದು ತೋರಿಸಲು ಕಂಬಕ್ಕೆ ಒರಗಿಸಿ ನಿಲ್ಲಿಸಿದ ಆಳು ಅವನು. ಆ ಕಾಲದಲ್ಲಿ ಅಂಥ ಕ್ಯಾಮೆರಾ ಅಂತರಘಟ್ಟೆಯ ಜಾತ್ರೆಗೇ ಬಂದಿದ್ದರೂ ಅದರಲ್ಲಿ ಜಾತ್ರೆ ಮೂಡುತ್ತಿರಲಿಲ್ಲ. ಗುಡಿಯೊಂದು ಮೂಡುತ್ತಿತ್ತು.

ಗಾಜಿನ ಮೇಲೆ ಚಿತ್ರ ತೆಗೆಯುವ ಹಸಿ ಪ್ಲೇಟಿನ ವಿಧಾನ 1851ರಲ್ಲಿ ಬಂದು ಸಮಯವನ್ನು ಕೆಲವೇ ಸೆಕೆಂಡುಗಳಿಗೆ ಇಳಿಸಿತೇನೋ ನಿಜ. ಆದರೆ ಲೇಪ ಒಣಗುವ ಮುನ್ನವೇ ಚಿತ್ರ ತೆಗೆದು ತೊಳೆಯಬೇಕು. ಅದಕ್ಕೆ ಕತ್ತಲ ಡೇರೆ, ರಾಸಾಯನಿಕದ ಸೀಸೆ, ಗಾಜಿನ ಹೊರೆ ಎಲ್ಲವೂ ಸ್ಥಳದಲ್ಲೇ ಇರಬೇಕು. ನಮ್ಮ ಬೇಸಿಗೆಯಲ್ಲಿ ಆ ಲೇಪ ಇನ್ನೂ ಬೇಗ ಒಣಗುತ್ತಿತ್ತು. 1860ರ ದಶಕದಲ್ಲಿ ಹಿಮಾಲಯಕ್ಕೆ ಹೋದ ಸ್ಯಾಮ್ಯುಯೆಲ್ ಬೋರ್ನ್ ಎಂಬ ಛಾಯಾಗ್ರಾಹಕನ ಸಾಮಾನು ಹೊರಲು ಹತ್ತಾರು ಕೂಲಿಗಳು ಬೇಕಾಗಿದ್ದರು. ಅಜ್ಜಂಪುರ ಎಂದರೆ ಅಮೃತಮಹಲ್ ತಳಿಯ ದನಗಳ ಊರು. ಮೈಸೂರು ಸೈನ್ಯದ ತೋಪು, ಸಾಮಾನು ಎಳೆದ ತಳಿ ಅದು. ಆ ಕಾಲದ ಛಾಯಾಗ್ರಾಹಕನ ಸರಂಜಾಮು ಎಳೆಯುವುದಕ್ಕೂ ಅಂಥದೇ ಜೋಡಿ ಬೇಕಾಗುತ್ತಿತ್ತು ಎಂದರೆ ಅತಿಶಯವಲ್ಲ.

ಕುರ್ಚಿ, ಪರದೆ, ಮಿನಿಟ್ ಫೋಟೊ

ಒಣ ಪ್ಲೇಟು 1871ರಲ್ಲಿ ಬಂತು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಎಂಬ ಪೆಟ್ಟಿಗೆಯನ್ನು 25 ಡಾಲರಿಗೆ ಮಾರಿದ. ಒಳಗೆ ನೂರು ಚಿತ್ರಗಳ ಸುರುಳಿ ಇರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಿದರೆ ಚಿತ್ರ ತೊಳೆದು, ಹೊಸ ಸುರುಳಿ ತುಂಬಿ ಕೊಡುತ್ತಿದ್ದರು. 1900ರಲ್ಲಿ ಬ್ರೌನಿ ಕ್ಯಾಮೆರಾ ಒಂದೇ ಡಾಲರಿಗೆ ಬಂತು. ಚಿತ್ರ ತೆಗೆಯುವುದು ಪಾಶ್ಚಾತ್ಯರ ಮನೆಮನೆಯ ಹವ್ಯಾಸವಾದದ್ದು ಹೀಗೆ.

ನಮ್ಮಲ್ಲಿ ಆದದ್ದು ಬೇರೆ. ಕ್ಯಾಮೆರಾ ಮನೆಗೆ ಬರಲಿಲ್ಲ, ಮನೆಯವರೇ ಕ್ಯಾಮೆರಾ ಇದ್ದಲ್ಲಿಗೆ ಹೋದರು. ಬೆಂಗಳೂರಿನ ಜಿ.ಕೆ. ವೇಲ್ ಸ್ಟುಡಿಯೊ ಆರಂಭವಾದದ್ದು 1910ರಲ್ಲಿ. ಕಾಲಕ್ರಮದಲ್ಲಿ ಸಣ್ಣ ಪೇಟೆಗಳಲ್ಲೂ ಸ್ಟುಡಿಯೊಗಳಾದವು. ಅಲ್ಲಿನ ದೊಡ್ಡ ಕ್ಯಾಮೆರಾದ ಮುಂದೆ ಕೂರುವುದೆಂದರೆ ಬಾಳಿನಲ್ಲಿ ಒಂದೆರಡು ಸಲದ ಮಾತು. ಮದುವೆಯಾದಾಗ ಒಂದು ಸಲ. ಮಗು ಹುಟ್ಟಿದಾಗ ಇನ್ನೊಂದು. ಆ ಒಂದೆರಡೂ ತಪ್ಪಿದವರನ್ನು ಸತ್ತ ಮೇಲೆ ಕುರ್ಚಿಗೆ ಕೂರಿಸಿ, ಹಾರ ಹಾಕಿ ತೆಗೆಸಿದ ಚಿತ್ರಗಳು ಇಂದಿಗೂ ಎಷ್ಟೋ ಹಳ್ಳಿಮನೆಗಳ ಗೋಡೆಯ ಮೇಲಿವೆ. ಬದುಕಿದ್ದಾಗಿನ ಒಂದು ಚಿತ್ರವಿಲ್ಲ, ಇರುವುದು ಇದೊಂದೇ. ಕ್ಯಾಮೆರಾ ದೊಡ್ಡದಾಗಿ, ದುಬಾರಿಯಾಗಿ, ದೂರದಲ್ಲಿ ಇದ್ದುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಜಾತ್ರೆಗಳು ಈ ದೂರವನ್ನು ಸ್ವಲ್ಪ ಕಡಿಮೆ ಮಾಡಿದವು. ಮಿಠಾಯಿ ಅಂಗಡಿ, ಬಳೆ ಅಂಗಡಿಗಳ ಸಾಲಿನಲ್ಲಿ ಫೋಟೊ ಡೇರೆಯೂ ಬಂತು. ಬಟ್ಟೆಯ ಪರದೆಯ ಮೇಲೆ ವಿಮಾನ, ಮೋಟಾರು, ತಾಜಮಹಲು, ಉದ್ಯಾನ. ಅದರ ಮುಂದೆ ಹೊಸ ಜೋಡಿ ಕೈಕಟ್ಟಿ ನಿಲ್ಲಬೇಕು. ಮರದ ಪೆಟ್ಟಿಗೆಯೊಳಗೇ ಕೈ ತೂರಿಸಿ ಚಿತ್ರ ತೊಳೆದು ಕೊಡುವ ಮಿನಿಟ್ ಕ್ಯಾಮೆರಾಗಳೂ ಬಂದವು. ಹಳ್ಳಿಯವರು ಈಗ ಚಿತ್ರದೊಳಕ್ಕೆ ಬಂದರೇನೋ ಸರಿ, ಆದರೆ ಅವರ ಹಿಂದೆ ಇದ್ದ ಜಾತ್ರೆ ಬರಲಿಲ್ಲ. ಅದನ್ನು ಪರದೆ ಮುಚ್ಚಿತ್ತು.

ಚಿಕ್ಕ ನೆಗೆಟಿವ್, ದೊಡ್ಡ ಚಿತ್ರ

ಪರದೆಯನ್ನು ಸರಿಸಿದ್ದು ಜರ್ಮನಿಯ ಒಬ್ಬ ಯಂತ್ರಜ್ಞ. ಹೆಸರು ಓಸ್ಕರ್ ಬಾರ್ನಾಕ್. ಉಬ್ಬಸದ ರೋಗಿಯಾದ ಈತನಿಗೆ ಭಾರವಾದ ಪ್ಲೇಟು ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದು ಆಗುತ್ತಿರಲಿಲ್ಲ. ಸಿನಿಮಾಕ್ಕೆಂದು ತಯಾರಾಗುತ್ತಿದ್ದ 35 ಮಿಲಿಮೀಟರ್ ಫಿಲ್ಮನ್ನು ಅಡ್ಡಲಾಗಿ ಓಡಿಸಿ, 24 ಮಿ.ಮೀ. ಎತ್ತರ, 36 ಮಿ.ಮೀ. ಅಗಲದ ಪುಟ್ಟ ನೆಗೆಟಿವ್ ತೆಗೆಯುವ ಕ್ಯಾಮೆರಾವನ್ನು ಒಂದನೇ ಮಹಾಯುದ್ಧದ ಹೊತ್ತಿಗೆ ಆತ ಮಾಡಿಕೊಂಡಿದ್ದ. ಅದೇ 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಎಂಬ ಹೆಸರಿನಿಂದ ಮಾರಾಟಕ್ಕೆ ಬಂತು. ಹಿಗ್ಗಿಸಿ ಮುದ್ರಿಸುವ ಯಂತ್ರ ಅಷ್ಟರಲ್ಲಿ ಬಳಕೆಗೆ ಬಂದಿದ್ದರಿಂದ, ನೆಗೆಟಿವ್ ಚಿಕ್ಕದಾದರೂ ಚಿತ್ರ ದೊಡ್ಡದಾಗಬಹುದಿತ್ತು. ಒಂದು ಸುರುಳಿಗೆ 36 ಚಿತ್ರ. ಒಂದು ಕೆಟ್ಟರೆ ಇನ್ನೊಂದಿದೆ ಎಂಬ ಧೈರ್ಯ ಛಾಯಾಗ್ರಾಹಕನಿಗೆ ಬಂತು.

ಲೈಕಾದಲ್ಲಿ ಕನ್ನಡಿ ಇರಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೂ ಒಂದು ‘ಮಿರರ್‌ಲೆಸ್’! ಇಂಥ ಪುಟ್ಟ ಕ್ಯಾಮೆರಾಕ್ಕೆ ಕನ್ನಡಿ ಬಂದದ್ದು ಆಮೇಲೆ, ಬೇರೊಂದು ತೊಂದರೆಯನ್ನು ನಿವಾರಿಸಲು. ಸಾಮಾನ್ಯ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಒಂದು ಕಡೆ, ಚಿತ್ರ ಹಿಡಿಯುವ ಲೆನ್ಸ್ ಇನ್ನೊಂದು ಕಡೆ. ಹತ್ತಿರದವರ ಚಿತ್ರ ತೆಗೆದರೆ ಕಿಂಡಿಯಲ್ಲಿ ಪೂರ್ತಿ ಕಂಡ ಮುಖದ ನೆತ್ತಿ ಚಿತ್ರದಲ್ಲಿ ಕತ್ತರಿಸಿಹೋಗುತ್ತದೆ. ಲೆನ್ಸಿನ ಹಿಂದೆ ಓರೆಯಾಗಿ ಕನ್ನಡಿ ಇಟ್ಟು, ಲೆನ್ಸ್ ಕಂಡದ್ದನ್ನೇ ಕಣ್ಣಿಗೆ ತೋರಿಸುವುದು ಎಸ್‌ಎಲ್‌ಆರ್ ಕ್ಯಾಮೆರಾದ ಉಪಾಯ. ಗುಂಡಿ ಒತ್ತಿದ ಕ್ಷಣ ಕನ್ನಡಿ ಮೇಲೆದ್ದು ಬೆಳಕಿಗೆ ದಾರಿ ಬಿಡುತ್ತದೆ. ‘ಟಪ್’ ಎಂಬ ಸದ್ದಿನಲ್ಲಿ ಅದರ ಪಾಲೂ ಇದೆ. 1936ರ ಎಕ್ಸಾಕ್ಟಾದಿಂದ 1959ರ ನಿಕಾನ್ ಎಫ್‌ವರೆಗೆ ಈ ವಿಧಾನ ಪಕ್ವವಾಯಿತು. ದೂರದ ವಸ್ತುವನ್ನು ಹತ್ತಿರ ತರುವ ಉದ್ದ ಲೆನ್ಸುಗಳನ್ನು ಬಳಸಲು ಇದಕ್ಕಿಂತ ಅನುಕೂಲವಾದುದು ಬೇರೆ ಇರಲಿಲ್ಲ.

ಈ ಎರಡು ದಾರಿಗಳಿಂದ ಕನ್ನಡ ನಾಡಿಗೆ ಎರಡು ಬಗೆಯ ಚಿತ್ರಸಂಪತ್ತು ಬಂತು. ಒಂದು ಮನುಷ್ಯರದು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಪತ್ರಿಕಾ ಛಾಯಾಗ್ರಾಹಕರಾಗಿ ಹೆಸರು ಮಾಡಿದ್ದು ದೊಡ್ಡವರ ಚಿತ್ರಗಳಿಂದ ಮಾತ್ರವಲ್ಲ. ಆಟವಾಡುವ ಮಕ್ಕಳು, ಕೆಲಸದಲ್ಲಿ ಮುಳುಗಿದ ಹೆಂಗಸರು, ಬೀದಿಯ ಬದಿಯ ಬದುಕು ಅವರ ನಿಜವಾದ ವಸ್ತು. 1977ರಲ್ಲಿ ಪದ್ಮಶ್ರೀ ಬಂತು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಆ ಮಕ್ಕಳನ್ನು ಪರದೆಯ ಮುಂದೆ ನಿಲ್ಲಿಸಿದ್ದರೆ ಆ ಚಿತ್ರಗಳು ಹುಟ್ಟುತ್ತಿರಲಿಲ್ಲ. ಕೈಯಲ್ಲಿ ಹಿಡಿದು ಅವರ ನಡುವೆ ಓಡಾಡಬಹುದಾದ ಕ್ಯಾಮೆರಾದಿಂದಲೇ ಅದು ಸಾಧ್ಯವಾದದ್ದು.

ಇನ್ನೊಂದು ಕಾಡಿನದು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರ ವನ್ಯಜೀವಿ ಚಿತ್ರಗಳು ದೇಶದಾಚೆಗೂ ಹೋದವು. ಚಿಕ್ಕಮಗಳೂರು ಜಿಲ್ಲೆಯವರಿಗೆ ಹೆಚ್ಚು ಆಪ್ತವಾದ ಹೆಸರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಅವರದು. ‘ಮಿಂಚುಳ್ಳಿ’, ‘ಹೆಜ್ಜೆ ಮೂಡದ ಹಾದಿ’ಯಂಥ ಪುಸ್ತಕಗಳ ಮೂಲಕ ಅವರು ಕನ್ನಡದ ಓದುಗರಿಗೆ ಹಕ್ಕಿಗಳನ್ನು ಹತ್ತಿರದಿಂದ ತೋರಿಸಿದರು. ಪೊದೆಯ ಮರೆಯಲ್ಲಿ ಗಂಟೆಗಟ್ಟಲೆ ಕೂರುವ ತಾಳ್ಮೆ ಜೇಬಿನ ಕ್ಯಾಮೆರಾ ಇದ್ದವರಿಗೂ ಇರಬಹುದು. ಆದರೆ ಉದ್ದ ಲೆನ್ಸ್ ಇಲ್ಲದಿದ್ದರೆ ಹಕ್ಕಿ ಚುಕ್ಕಿಯಾಗಿಯೇ ಉಳಿಯುತ್ತದೆ. ಚಿಕ್ಕದೇ ಮೇಲು ಎಂದು ಸಾರಾಸಗಟಾಗಿ ಹೇಳುವವರು ಈ ಪುಸ್ತಕಗಳನ್ನೊಮ್ಮೆ ತಿರುವಿಹಾಕಬೇಕು.

ಮಧ್ಯಮ ವರ್ಗದ ಮನೆಗಳಿಗೆ ಬಂದದ್ದು ಈ ಎರಡೂ ಅಲ್ಲ. ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಬಂತು. ಬಿಸಿಲು, ಮೋಡ ಎಂಬ ಗುರುತುಗಳು, ಒಂದು ಗುಂಡಿ, ಒಂದು ರೀಲಿಗೆ 12 ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೀಲು ಸಿಗುತ್ತಿತ್ತು. 1980ರ ದಶಕದಲ್ಲಿ ಹಾಟ್‌ಶಾಟ್ ಬಂತು. ಸೋದರತ್ತೆಯ ಮದುವೆ, ಧರ್ಮಸ್ಥಳದ ಪ್ರವಾಸ, ಜೋಗದ ಮುಂದಿನ ಗುಂಪು ಚಿತ್ರ ಎಲ್ಲ ಇವುಗಳ ಕೊಡುಗೆ. ನೆತ್ತಿ ಕತ್ತರಿಸಿದ ಚಿಕ್ಕಪ್ಪಂದಿರು, ಅಲುಗಿ ಮಸುಕಾದ ಅಜ್ಜಿಯರು ಆಲ್ಬಂಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ಆದರೂ ಅವರನ್ನು ಹರಿದು ಎಸೆದವರಿಲ್ಲ.

ಕನ್ನಡಿ ಹೋದ ಬಗೆ

ಡಿಜಿಟಲ್ ಕಾಲದಲ್ಲಿ ಫಿಲ್ಮಿನ ಜಾಗಕ್ಕೆ ಬೆಳಕು ಹಿಡಿಯುವ ಸೆನ್ಸರ್ ಬಂತು. ಅದು ಕಂಡದ್ದನ್ನು ಕ್ಷಣಕ್ಷಣವೂ ಪುಟ್ಟ ಪರದೆಯ ಮೇಲೆ ತೋರಿಸಬಹುದಾದ ಮೇಲೆ ಕನ್ನಡಿಗೆ ಕೆಲಸವೇನು? 2008ರಲ್ಲಿ ಪ್ಯಾನಸೋನಿಕ್ ಕಂಪೆನಿ ಲೂಮಿಕ್ಸ್ ಜಿ-1 ಎಂಬ ಕ್ಯಾಮೆರಾದಲ್ಲಿ ಕನ್ನಡಿಯನ್ನು ತೆಗೆದೇಬಿಟ್ಟಿತು. ಕನ್ನಡಿ ಎದ್ದೇಳಲು ಬೇಕಾದ ಜಾಗ ಉಳಿದದ್ದರಿಂದ ಲೆನ್ಸ್ ಸೆನ್ಸರಿಗೆ ಹತ್ತಿರವಾಯಿತು, ಕ್ಯಾಮೆರಾ ತೆಳ್ಳಗಾಯಿತು. 2013ರಲ್ಲಿ ಸೋನಿ ಬಾರ್ನಾಕನ ಅದೇ 24×36 ಅಳತೆಯ ಸೆನ್ಸರನ್ನು ಇಂಥ ಕ್ಯಾಮೆರಾದಲ್ಲಿ ಕೂರಿಸಿತು. 2018ರಲ್ಲಿ ಕ್ಯಾನನ್, ನಿಕಾನ್‌ಗಳೂ ದೊಡ್ಡ ಸೆನ್ಸರಿನೊಂದಿಗೆ ಇದೇ ದಾರಿ ಹಿಡಿದವು.

ಜೇಬಿನ ಕ್ಯಾಮೆರಾಗಳ ಕಥೆ ಇದಕ್ಕೆ ವಿರುದ್ಧ. 2000ದಲ್ಲಿ ಕ್ಯಾನನ್ನಿನ ಪುಟ್ಟ ಡಿಜಿಟಲ್ ಇಕ್ಸಸ್ ಬಂತು. 2002ರಲ್ಲಿ ಕ್ಯಾಸಿಯೊ ತಂದ ಎಕ್ಸಿಲಿಮ್ ಬರೀ 11.3 ಮಿ.ಮೀ. ದಪ್ಪ, ಹೆಚ್ಚುಕಡಿಮೆ ಒಂದು ಬೆಂಕಿಪೊಟ್ಟಣದಷ್ಟು. ಜನ ಮುಗಿಬಿದ್ದು ಕೊಂಡರು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದ ಡಿಜಿಟಲ್ ಕ್ಯಾಮೆರಾಗಳು ಸುಮಾರು 12 ಕೋಟಿ. ಅವುಗಳಲ್ಲಿ 10 ಕೋಟಿಗೂ ಹೆಚ್ಚು ಲೆನ್ಸ್ ಬದಲಾಯಿಸಲಾಗದ ಚಿಕ್ಕ ಕ್ಯಾಮೆರಾಗಳು. 2023ಕ್ಕೆ ಬಂದರೆ ಒಟ್ಟು ಸಂಖ್ಯೆ 77 ಲಕ್ಷ, ಚಿಕ್ಕವು ಸುಮಾರು 17 ಲಕ್ಷ ಮಾತ್ರ. ಮಿರರ್‌ಲೆಸ್ 48 ಲಕ್ಷ. ನಡುವೆ ಆದದ್ದು ಎಲ್ಲರಿಗೂ ಗೊತ್ತು. ಫೋನಿಗೆ ಕಣ್ಣು ಬಂತು. ಚಿಕ್ಕದನ್ನು ಅದಕ್ಕಿಂತ ಹೆಚ್ಚು ಕೈಗೆ ಹತ್ತಿರವಾದ ಇನ್ನೊಂದು ಯಂತ್ರ ನುಂಗಿತು.

ಕೊಪ್ಪರಿಗೆ ಮತ್ತು ಲೋಟ

ಹಾಗಾದರೆ ಗಾತ್ರದಿಂದ ಆಗುವ ವ್ಯತ್ಯಾಸವೇನು? ಮಳೆ ಬರುವಾಗ ಅಂಗಳದಲ್ಲಿ ಒಂದು ಕೊಪ್ಪರಿಗೆ, ಒಂದು ಲೋಟ ಇಟ್ಟಂತೆ. ಮಳೆ ಎರಡಕ್ಕೂ ಒಂದೇ, ಹಿಡಿದ ನೀರು ಬೇರೆ. 24×36 ಅಳತೆಯ ಸೆನ್ಸರಿನ ವಿಸ್ತೀರ್ಣ 864 ಚದರ ಮಿ.ಮೀ. ಸಾಮಾನ್ಯ ಜೇಬಿನ ಕ್ಯಾಮೆರಾದ ಸೆನ್ಸರ್ ಸುಮಾರು 28 ಚದರ ಮಿ.ಮೀ. ಮಾತ್ರ. ಮೂವತ್ತು ಪಟ್ಟು ಅಂತರ. ಜಡಿಮಳೆಯಲ್ಲಿ, ಅಂದರೆ ನಡುಹಗಲ ಬಿಸಿಲಿನಲ್ಲಿ, ಲೋಟವೂ ತುಂಬುತ್ತದೆ, ಯಾರಿಗೂ ದೂರಿಲ್ಲ. ತುಂತುರು ಹನಿಯಲ್ಲಿ ಮಾತ್ರ ಲೋಟದ ತಳ ಒದ್ದೆಯಾಗುವುದೂ ಕಷ್ಟ.

ತುಂತುರು ಎಂದರೆ ಏನೆಂದು ತಿಳಿಯಬೇಕಾದರೆ ಅಂತರಘಟ್ಟೆಯಿಂದ ಬಹಳ ದೂರ ಹೋಗಬೇಕಿಲ್ಲ. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರಲ್ಲಿ, ಎರಡನೆಯ ವೀರಬಲ್ಲಾಳನ ಕಾಲದಲ್ಲಿ, ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಗುಡಿಯಿದೆ. ಹೊರಗೆ ತೆರೆದ ಮಂಟಪದ ಸುತ್ತ ರಾಮಾಯಣ, ಭಾಗವತ, ಮಹಾಭಾರತಗಳ 140 ಫಲಕಗಳು. ಬೆಳಗಿನ ಓರೆ ಬಿಸಿಲಿನಲ್ಲಿ ಇವನ್ನು ಯಾವ ಕ್ಯಾಮೆರಾದಲ್ಲಾದರೂ ತೆಗೆಯಬಹುದು. ಒಳಗಿನ ನವರಂಗಕ್ಕೆ ಕಾಲಿಟ್ಟರೆ ನುಣುಪು ಕಂಬಗಳ ಹೊಳಪು ಮಾತ್ರ ಕಣ್ಣಿಗೆ ಹತ್ತುತ್ತದೆ, ತಲೆಯ ಮೇಲಿನ ಕೆತ್ತನೆಯ ಛಾವಣಿ ಕತ್ತಲಲ್ಲಿದೆ. ಸಂರಕ್ಷಿತ ಸ್ಮಾರಕಗಳಲ್ಲಿ ತ್ರಿಪಾದಿ ಹೂಡಲು ಇಲಾಖೆಯ ಅನುಮತಿ ಬೇಕು. ಕೈಯಲ್ಲೇ ಹಿಡಿದು ತೆಗೆಯುವುದಾದರೆ ದೊಡ್ಡ ಸೆನ್ಸರಿನ ಮಿರರ್‌ಲೆಸ್ಸಿಗೆ ಸಾಟಿಯಿಲ್ಲ. ಪುಟ್ಟ ಕ್ಯಾಮೆರಾದ ಚಿತ್ರದಲ್ಲಿ ಕಲ್ಲಿನ ಮೇಲೆ ರಾಗಿ ಚೆಲ್ಲಿದಂಥ ಚುಕ್ಕೆಗಳೇಳುತ್ತವೆ. ಅದನ್ನು ಮುಚ್ಚಲು ಯಂತ್ರ ನುಣ್ಣಗೆ ಸವರಿಬಿಟ್ಟರೆ ಶಿಲ್ಪಿಯ ಉಳಿಯ ಗುರುತೂ ಹೋಗುತ್ತದೆ. ಗುಡಿಯ ಚಿತ್ರಕ್ಕೆ ದೊಡ್ಡ ಕ್ಯಾಮೆರಾ ಬೇಕೆಂದ ಟ್ರೈಪನ ಲೆಕ್ಕ ಇಂದಿಗೂ ತಪ್ಪಾಗಿಲ್ಲ.

ಜಾತ್ರೆಯ ಮಾತೇ ಬೇರೆ. ಅಲ್ಲಿ ಮೊದಲ ಶತ್ರು ಧೂಳು. ಮಿರರ್‌ಲೆಸ್ಸಿನ ಲೆನ್ಸ್ ಬಿಚ್ಚಿದರೆ ಹಲವು ಮಾದರಿಗಳಲ್ಲಿ ಸೆನ್ಸರ್ ನೇರವಾಗಿ ಗಾಳಿಗೆ ತೆರೆದುಕೊಳ್ಳುತ್ತದೆ. ಮುಂದೆ ಕನ್ನಡಿಯ ಮರೆಯೂ ಇಲ್ಲ. ಗಾಡಿಗಳ ನಡುವೆ ನಿಂತು ಲೆನ್ಸ್ ಬದಲಾಯಿಸುವವರು ಆಮೇಲೆ ಆಕಾಶದ ತುಂಬ ಕಪ್ಪು ಕಲೆ ಎಣಿಸಬೇಕಾಗುತ್ತದೆ. ಜೇಬಿನ ಕ್ಯಾಮೆರಾಕ್ಕೂ ಧೂಳು ಆಗದು. ಒಳಗೆ ಹೊರಗೆ ಆಡುವ ಅದರ ಲೆನ್ಸು ತಿದಿಯಂತೆ ಧೂಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಒಮ್ಮೆ ಕಚ್ಚಿಕೊಂಡರೆ ಮುಗಿಯಿತು.

ಎರಡನೆಯದು ವೇಗ. ಹಿಂದಿನ ಪುಟ್ಟ ಡಿಜಿಟಲ್ ಕ್ಯಾಮೆರಾಗಳಲ್ಲಿ ಗುಂಡಿ ಒತ್ತಿದ ಮೇಲೆ ಫೋಕಸ್ ಹುಡುಕಿ ಚಿತ್ರವಾಗುವಷ್ಟರಲ್ಲಿ ಎತ್ತು ದಾಟಿ ಗಾಡಿಯ ಹಿಂಭಾಗ ಮಾತ್ರ ಸಿಗುತ್ತಿತ್ತು. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಪ್ರಾಣಿಗಳ ಕಣ್ಣನ್ನೇ ಗುರುತಿಸಿ ಹಿಂಬಾಲಿಸುವಂಥವೂ ಇವೆ. ಆದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡರೆ ಚಿತ್ರ ಸಾಲುಸಾಲಾಗಿ ದಾಖಲಾಗುವುದರಿಂದ ತಿರುಗುವ ಚಕ್ರದ ಅರೆಕಾಲುಗಳು ಕುಡುಗೋಲಿನಂತೆ ಬಾಗಿ ಮೂಡುತ್ತವೆ. ಯಾಂತ್ರಿಕ ಶಟರಿಗೆ ಬದಲಾಯಿಸಿಕೊಂಡರೆ ಈ ತೊಂದರೆ ಇಲ್ಲ. ಫೋನುಗಳಲ್ಲಿ ಸಾಮಾನ್ಯವಾಗಿ ಬದಲಾಯಿಸುವ ಅವಕಾಶವೇ ಇರುವುದಿಲ್ಲ.

ಸಂಜೆಯಾದ ಮೇಲೆ ಪುಟ್ಟ ಕ್ಯಾಮೆರಾದ ಫ್ಲಾಷ್ ಬೆಳಗುವುದು ಮೂರ್ನಾಲ್ಕು ಮೀಟರು ಮಾತ್ರ. ಅದೂ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಗಾಳಿಯಲ್ಲಿನ ಧೂಳಿನ ಕಣಗಳೆಲ್ಲ ಬಿಳಿ ಬಿಲ್ಲೆಗಳಾಗಿ ತೇಲುತ್ತವೆ. (ಇದನ್ನು ದೈವದ ಸಾನ್ನಿಧ್ಯವೆಂದು ನಂಬುವವರೂ ಉಂಟು.)

ಇಷ್ಟೆಲ್ಲ ನೋಡಿದರೆ ದೊಡ್ಡದಕ್ಕೇ ಅಂಕ ಹೆಚ್ಚು. ಆದರೆ ಅಂಕಪಟ್ಟಿಯಲ್ಲಿ ಬಾರದ ಒಂದು ಸಂಗತಿ ಇದೆ. ದೊಡ್ಡ ಲೆನ್ಸ್ ಎತ್ತಿ ಹಿಡಿದ ತಕ್ಷಣ ಹಣ್ಣುಕಾಯಿ ಮಾರುವ ಅಜ್ಜಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾಳೆ. ಹುಡುಗರು ಗುಂಪುಗೂಡಿ ಪೇಪರ್‌ನವರೋ ಟಿ.ವಿ.ಯವರೋ ಎಂದು ಕೇಳುತ್ತಾರೆ. ಹಳೆಯ ಸ್ಟುಡಿಯೊದ ಪರದೆ ಕಣ್ಣಿಗೆ ಕಾಣದಂತೆ ಮತ್ತೆ ಇಳಿಬೀಳುತ್ತದೆ. ಪುಟ್ಟ ಕ್ಯಾಮೆರಾ ಹಿಡಿದವರು ಜಾತ್ರೆಗೆ ಬಂದ ನೆಂಟರಂತೆ ಕಾಣುತ್ತಾರೆ. ಅಜ್ಜಿಯನ್ನು ಮಾತಾಡಿಸಿ, ಒಪ್ಪಿಗೆ ಪಡೆದು, ಅವಳು ಮತ್ತೆ ತನ್ನ ವ್ಯಾಪಾರಕ್ಕೆ ತಿರುಗಿದ ಮೇಲೆ ಚಿತ್ರ ತೆಗೆಯುವುದು ಇಂಥವರಿಗೇ ಸುಲಭ.

ಕೊಳ್ಳುವವರು ಇದನ್ನೆಲ್ಲ ಹೇಗೆ ತೂಗಬೇಕು? ಸಣ್ಣ ಸೆನ್ಸರಿನ ಅಗ್ಗದ ಜೇಬಿನ ಕ್ಯಾಮೆರಾವನ್ನು ಹೊಸದಾಗಿ ಕೊಳ್ಳುವುದರಲ್ಲಿ ಈಗ ಅರ್ಥವಿಲ್ಲ. ಅದರ ಕೆಲಸವನ್ನು ಕೈಯಲ್ಲಿನ ಫೋನೇ ಮಾಡುತ್ತದೆ. ಇಪ್ಪತ್ತು ವರ್ಷ ಹಳೆಯ ಪುಟ್ಟ ಕ್ಯಾಮೆರಾಗಳನ್ನು ಇಂದಿನ ತರುಣರು ಹುಡುಕಿಕೊಂಡು ಕೊಳ್ಳುವುದು ಬೇರೆ ವಿಷಯ, ಅದು ಷೋಕಿ. ಚಿಕ್ಕದೇ ಬೇಕೆನ್ನುವವರು ನೋಡಬೇಕಾದದ್ದು ಚಿಕ್ಕ ಮೈಯಲ್ಲಿ ದೊಡ್ಡ ಸೆನ್ಸರ್ ಇರುವವನ್ನು. 2012ರಲ್ಲಿ ಸೋನಿ ಆರ್‌ಎಕ್ಸ್-100 ಎಂಬ 240 ಗ್ರಾಂ ತೂಕದ ಕ್ಯಾಮೆರಾದಲ್ಲಿ 116 ಚದರ ಮಿ.ಮೀ. ಸೆನ್ಸರ್ ಕೂರಿಸಿ ಈ ದಾರಿ ತೋರಿಸಿತು. 2019ರ ರಿಕೋ ಜಿಆರ್-3 ಅದಕ್ಕಿಂತ ಮೂರು ಪಟ್ಟು ಸೆನ್ಸರನ್ನು 257 ಗ್ರಾಂ ಮೈಯಲ್ಲಿ ಹಿಡಿಸಿತು. ಆದರೆ ಅದರ ಲೆನ್ಸ್ ಒಂದೇ, ಜೂಮ್ ಇಲ್ಲ. ಹತ್ತಿರದ ಚಿತ್ರ ಬೇಕಾದರೆ ಕಾಲೆತ್ತಿ ಹತ್ತಿರ ಹೋಗಬೇಕು. ಜಾತ್ರೆಯಲ್ಲಿ ಅದು ದೋಷವೇನಲ್ಲ. ಇಂಥವು ಅಗ್ಗವೂ ಅಲ್ಲ; ಆರಂಭದ ಮಿರರ್‌ಲೆಸ್ಸಿನ ಬೆಲೆಯೇ ಇವುಗಳದೂ ಆದೀತು.

ಮಿರರ್‌ಲೆಸ್ ಕೊಳ್ಳುವವರಲ್ಲಿ ಎಷ್ಟೋ ಮಂದಿ ಅದರ ಜೊತೆ ಬಂದ ಲೆನ್ಸನ್ನು ಒಮ್ಮೆಯೂ ಬಿಚ್ಚುವುದಿಲ್ಲ. ಅವರು ದುಡ್ಡು ಕೊಟ್ಟದ್ದು ಬಳಸದ ಸೌಕರ್ಯಕ್ಕೆ. ಭದ್ರಾ ಕಾಡಿನ ಹಕ್ಕಿ, ಅಮೃತಾಪುರದ ಛಾವಣಿ, ಓಡುವ ಗಾಡಿಯ ಎತ್ತಿನ ಕಣ್ಣು ಇವು ಬೇಕೆನ್ನುವವರು, ಮತ್ತು ಅದಕ್ಕೆ ತಕ್ಕ ಎರಡನೆಯ ಲೆನ್ಸಿಗೂ ದುಡ್ಡು ಎತ್ತಿಡಬಲ್ಲವರು ಮಾತ್ರ ಅದರ ಗೋಜಿಗೆ ಹೋಗುವುದು ಒಳ್ಳೆಯದು. ಮೆಗಾಪಿಕ್ಸೆಲ್ ಲೆಕ್ಕಕ್ಕಂತೂ ಮರುಳಾಗಬೇಕಿಲ್ಲ. ಆಲ್ಬಂಗೆ ಹಾಕುವ 4×6 ಇಂಚಿನ ಚಿತ್ರಕ್ಕೆ ಎರಡು ಮೆಗಾಪಿಕ್ಸೆಲ್ ಸಾಕು. ಪತ್ರಿಕೆಯೊಂದರ ಅರ್ಧಪುಟದಷ್ಟು ಚಿತ್ರಕ್ಕೆ ಒಂಬತ್ತಿದ್ದರೆ ಧಾರಾಳ.

ಆಲ್ಬಂ ಎಂದ ಮೇಲೆ ಇನ್ನೊಂದು ಮಾತು. ಗ್ರೀನ್‌ಲಾನ ಕಾಗದದ ನೆಗೆಟಿವ್‌ಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಯಾರ ಗಮನಕ್ಕೂ ಬಾರದೆ ಇದ್ದು, ಕಳೆದ ಶತಮಾನದ ಕೊನೆಯ ಭಾಗದಲ್ಲಿ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ಕ್ಯಾಮೆರಾ ಹೂಡಿದ್ದ ಜಾಗಗಳನ್ನೇ ಹುಡುಕಿ ನಿಂತು, ಅದೇ ನೋಟಗಳನ್ನು ಮತ್ತೆ ತೆಗೆದರು. 127 ವರ್ಷಗಳಲ್ಲಿ ಯಾವ ಕಂಬ ಬಿತ್ತು, ಯಾವ ಗೋಪುರ ದುರಸ್ತಿಯಾಯಿತು ಎಂಬುದು ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಕಾಣುತ್ತದೆ. ಜಾತ್ರೆಯಲ್ಲಿ ಈಗ ಸಾವಿರಾರು ಫೋನುಗಳು ಚಿತ್ರ ತೆಗೆಯುತ್ತವೆ. ಅವುಗಳಲ್ಲಿ ಬಹುಪಾಲು ಫೋನು ಕೆಟ್ಟಾಗ, ಕಳೆದಾಗ, ಜಾಗ ಸಾಲದೆ ಅಳಿಸಿದಾಗ ಹೋಗುತ್ತವೆ. ಗಾಡಿಗಳು ಊರು ಪ್ರವೇಶಿಸುವ ಒಂದು ತಿರುವನ್ನು ಗುರುತು ಮಾಡಿಕೊಂಡು, ಪ್ರತಿವರ್ಷ ಅಲ್ಲೇ ನಿಂತು ಒಂದೊಂದು ಚಿತ್ರ ತೆಗೆದು, ಅದನ್ನು ತರೀಕೆರೆಯಲ್ಲೋ ಕಡೂರಿನಲ್ಲೋ ಕಾಗದದ ಮೇಲೆ ಹಾಕಿಸಿ, ಬೆನ್ನಿಗೆ ಪೆನ್ಸಿಲಿನಲ್ಲಿ ಇಸವಿ ಬರೆದಿಡುವುದಕ್ಕೆ ಜೇಬಿನ ಕ್ಯಾಮೆರಾ ಆದರೂ ಆದೀತು, ಹೆಗಲ ಕ್ಯಾಮೆರಾ ಆದರೂ ಆದೀತು.